ಹಂಚಿನ ಮನೆಗೂ ಸ್ಲ್ಯಾಬಿನ ಮನೆಗೂ ಸರೌಂಡ್ ಸೌಂಡ್: ಸ್ಪೀಕರ್ ಎಲ್ಲಿಡಬೇಕು, ಹೇಗೆ ಹೊಂದಿಸಬೇಕು

ಐದು ಸ್ಪೀಕರ್, ತಗ್ಗು ದನಿಗೆಂದೇ ಇರುವ ಒಂದು ಸಬ್‌ವೂಫರ್, ಇವೆಲ್ಲಕ್ಕೂ ದನಿ ಹಂಚುವ ಒಂದು ರಿಸೀವರ್ ಮನೆಗೆ ಬಂದ ದಿನ ಬಹುತೇಕ ಎಲ್ಲರೂ ಮಾಡುವುದು ಒಂದೇ. ಜಾಗ ಸಿಕ್ಕಲ್ಲಿ ಡಬ್ಬಿಗಳನ್ನಿಟ್ಟು, ವಯರ್ ಸಿಕ್ಕಿಸಿ, ಜೊತೆಗೆ ಬಂದ ಪುಟ್ಟ ಮೈಕನ್ನು ಸೋಫಾದ ಮೇಲಿಟ್ಟು ರಿಮೋಟಿನಲ್ಲಿ ಆಟೋ ಸೆಟಪ್ ಒತ್ತಿಬಿಡುತ್ತಾರೆ. ಟುಸ್ ಟುಸ್ ಎಂದು ಒಂದಿಷ್ಟು ಶಬ್ದ ಬಂದು ನಿಲ್ಲುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಸ್ಪೀಕರು ಎಲ್ಲಿದೆಯೋ ಅಲ್ಲಿದ್ದಂತೆಯೇ ಆ ಮೈಕು ಅದನ್ನು ಅಳೆಯುತ್ತದೆ ಅಷ್ಟೆ. ಮೂಲೆಯಲ್ಲಿ ಸಿಕ್ಕಿಕೊಂಡ ಸಬ್‌ವೂಫರನ್ನು ಈಚೆ ಎಳೆಯುವುದು, ಗೋಡೆಗೆ ಅಂಟಿದ ಸೋಫಾವನ್ನು ಮುಂದೆ ಸರಿಸುವುದು ನಮ್ಮ ಕೈಯ ಕೆಲಸ. ಮೊದಲು ಅಳತೆ ಟೇಪು, ಕೊನೆಗೆ ಮೈಕು. ಈ ಕ್ರಮ ತಪ್ಪದಿದ್ದರೆ ಸಾಧಾರಣ ಬೆಲೆಯ ಸೆಟ್ಟು ಕೂಡ ಬೆರಗು ಹುಟ್ಟಿಸುವಷ್ಟು ಚೆನ್ನಾಗಿ ಕೇಳುತ್ತದೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಅಳತೆ ಟೇಪು, ಗಟ್ಟಿ ದಾರ, ಸೀಮೆಸುಣ್ಣ, ಕ್ಯಾಮೆರಾದ ಟ್ರೈಪಾಡು, ಒಂದು ಸಣ್ಣ ಕನ್ನಡಿ, ಗೋಡೆ ಗಡಿಯಾರಕ್ಕೆ ಹಾಕುವ ಒಂದು ಸೆಲ್ಲು.

ಕೋಣೆಯನ್ನು ಕೇಳಿಸಿಕೊಳ್ಳಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎರಡು ತೆರನ ಮನೆಗಳಿವೆ, ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೆಯ ಮನೆಗಳಲ್ಲಿ ಟಿವಿ ಇರುವುದು ಜಗುಲಿಯಲ್ಲಿ ಅಥವಾ ಅದಕ್ಕೆ ಹೊಂದಿದ ಕೋಣೆಯಲ್ಲಿ. ಮೇಲೆ ಹಲಗೆಯ ಅಟ್ಟ ಇಲ್ಲವೇ ನೇರ ಹಂಚು, ಬಾಗಿಲು ಕಿಟಕಿ ಸದಾ ತೆರೆದಿರುತ್ತವೆ. ಕಾರವಾರ, ಅಂಕೋಲಾ, ಕುಮಟಾದ ಹೊಸ ಮನೆ, ಫ್ಲ್ಯಾಟುಗಳಲ್ಲಿ ಮೇಲೆ ಸ್ಲ್ಯಾಬು, ಸುತ್ತ ಗಾರೆ ಹೊಡೆದ ಗಟ್ಟಿ ಗೋಡೆ, ಕೆಳಗೆ ಹೊಳೆಯುವ ಟೈಲ್ಸು.

ಹಂಚಿನ ಮನೆಯಲ್ಲಿ ತಗ್ಗು ದನಿ ಹಂಚಿನ ಸಂದಿಯಿಂದ, ಅಟ್ಟದ ಹಲಗೆಯಿಂದ ಹೊರಗೆ ಸೋರಿಹೋಗುತ್ತದೆ. ಹಾಗಾಗಿ ಗುಂಯ್‌ಗುಡುವ ಕಾಟ ಕಡಿಮೆ, ಆದರೆ ಸಬ್‌ವೂಫರಿಗೆ ದುಡಿಮೆ ಹೆಚ್ಚು. ಸ್ಲ್ಯಾಬಿನ ಕೋಣೆಯಲ್ಲಿ ಇದಕ್ಕೆ ಪೂರಾ ಉಲ್ಟಾ. ದನಿ ಹೊರಹೋಗಲು ದಾರಿ ಇಲ್ಲದೆ ಗೋಡೆಯಿಂದ ಗೋಡೆಗೆ ಬಡಿದಾಡುತ್ತದೆ.

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆಯೇ ಝಿಂಗ್ ಎಂದು ಲೋಹದಂಥ ಬಾಲ ಕೇಳಿದರೆ ಎದುರುಬದುರಿನ ಎರಡು ಬೋಳು ಗೋಡೆಗಳು ದನಿಯನ್ನು ಎಸೆದಾಡುತ್ತಿವೆ ಎಂದು ಅರ್ಥ. ಒಂದು ಗೋಡೆಗೆ ಪುಸ್ತಕದ ಕಪಾಟು ಬರಲಿ, ಇನ್ನೊಂದಕ್ಕೆ ದಪ್ಪ ಪರದೆ. ಹಳೆಯ ಕಂಬಳಿಯನ್ನು ಗೋಡೆಗೆ ಅಂಟಿಸದೆ ನಾಲ್ಕು ಇಂಚು ಬಿಟ್ಟು ತೂಗುಹಾಕಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆ ಸಂದಿನ ಗಾಳಿಯಿಂದಾಗಿ ಕಂಬಳಿ ಇನ್ನಷ್ಟು ತಗ್ಗಿನ ದನಿಯನ್ನೂ ಹೀರುತ್ತದೆ. ತೆಳು ಚಾಪೆಯಿಂದ ಹೆಚ್ಚೇನೂ ಆಗದು. ನೆಲಕ್ಕೆ ದಪ್ಪ ಜಮಖಾನ ಬೇಕು, ಅದೂ ಸ್ಪೀಕರಿಗೂ ನಿಮಗೂ ನಡುವೆ.

ಕೂರುವ ಜಾಗ ಮೊದಲು ನಿಗದಿಯಾಗಬೇಕು

ಸ್ಪೀಕರ್ ಮುಟ್ಟುವ ಮುನ್ನ ಇದನ್ನು ತೀರ್ಮಾನಿಸಿ, ಯಾಕೆಂದರೆ ಮುಂದಿನ ಎಲ್ಲ ಅಳತೆಯೂ ಕೂತವರ ತಲೆಯಿಂದಲೇ ಶುರು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ ಹತ್ತಿರಹತ್ತಿರ 1,130 ಅಡಿ ಓಡುತ್ತದೆ. ಕೋಣೆಯ ಉದ್ದವನ್ನು ಎರಡರಿಂದ ಗುಣಿಸಿ, 1,130ನ್ನು ಅದರಿಂದ ಭಾಗಿಸಿ. 12 ಅಡಿ ಉದ್ದಕ್ಕೆ 47 ಹರ್ಟ್ಜ್ (ಸೆಕೆಂಡಿಗೆ 47 ಕಂಪನ), 16 ಅಡಿಗೆ 35 ಹರ್ಟ್ಜ್ ಬರುತ್ತದೆ. ಆ ತಗ್ಗು ಸ್ವರ ಬಂದಾಗ ಇಡೀ ಕೋಣೆಯೇ ಅದರ ಜೊತೆ ಮೊಳಗುತ್ತದೆ. ಗೋಡೆಯ ಬುಡದಲ್ಲಿ ಅತಿ ಜೋರು, ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಮಾಯ. 10 ಅಡಿಗೆ 10 ಅಡಿಯ ಚೌಕ ಕೋಣೆಯಲ್ಲಿ ಉದ್ದದ ಸ್ವರವೂ ಅಗಲದ ಸ್ವರವೂ ಒಂದೇ ಆಗಿ, ಸುಮಾರು 56 ಹರ್ಟ್ಜಿನಲ್ಲಿ ಕಾಟ ಇಮ್ಮಡಿಯಾಗುತ್ತದೆ. ಆಯ್ಕೆ ಇದ್ದರೆ ಚೌಕ ಕೋಣೆ ಬಿಟ್ಟು ಉದ್ದ ಕೋಣೆಯನ್ನೇ ಹಿಡಿಯಿರಿ.

ಹಾಗಾಗಿ ಸೋಫಾ ಹಿಂಗೋಡೆಗೆ ತಾಗಬಾರದು, ಕೋಣೆಯ ಮಧ್ಯದಲ್ಲೂ ಇರಬಾರದು. ಟಿವಿ ಗೋಡೆಯಿಂದ ಮೂರರಲ್ಲಿ ಎರಡು ಪಾಲು ದೂರದಲ್ಲಿ ತಲೆ ಬರುವಂತೆ ಇಟ್ಟು ನೋಡಿ. 15 ಅಡಿ ಉದ್ದದ ಕೋಣೆಯಲ್ಲಿ ಅದು 10 ಅಡಿ. ಓಡಾಡಲು ಜಾಗ ಸಾಲದೆ ಹೋದರೆ ಹಿಂಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದೆ ಬನ್ನಿ, ತಲೆಯ ಹಿಂದಿನ ಗೋಡೆಗೆ ದಪ್ಪನೆಯ ಏನನ್ನಾದರೂ ತೂಗುಹಾಕಿ. ಸೋಫಾದ ಬೆನ್ನು ಕಿವಿಗಿಂತ ಎತ್ತರ ಇರಬಾರದು, ಹಿಂದಿನ ಸ್ಪೀಕರಿನ ದನಿಗೆ ಅದೇ ಅಡ್ಡಗೋಡೆಯಾಗುತ್ತದೆ.

ಮುಂದಿನ ಮೂರು

ಕೂತಾಗ ಕಿವಿ ಇರುವ ಜಾಗಕ್ಕೆ ಸರಿಯಾಗಿ ಟ್ರೈಪಾಡು ನಿಲ್ಲಿಸಿ ಅದಕ್ಕೆ ದಾರ ಕಟ್ಟಿ. ಎಡ ಮತ್ತು ಬಲ ಸ್ಪೀಕರುಗಳ ನಡುವೆ ಎಷ್ಟು ಅಂತರವಿದೆಯೋ ಟ್ರೈಪಾಡಿನಿಂದ ಪ್ರತಿ ಸ್ಪೀಕರಿಗೂ ಅಷ್ಟೇ ಅಂತರ ಇರಲಿ. ಮೂರೂ ಬದಿ ಸಮನಾದ ತ್ರಿಕೋನ ಆಗಬೇಕು. ಆಗ ಎರಡೂ ಸ್ಪೀಕರು ನೇರ ನೋಟದಿಂದ 30 ಡಿಗ್ರಿಗೆ ಬರುತ್ತವೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1992ರಲ್ಲಿ ಐದು ಸ್ಪೀಕರಿನ ಕೇಳ್ಮೆಗೆ ಶಿಫಾರಸು ಮಾಡಿದ ಕೋನವೂ ಇದೇ. ಟಿವಿ ಸಣ್ಣದಿದ್ದು ಸ್ಪೀಕರು ತೀರಾ ಆಚೆ ಹೋದಂತೆ ಅನ್ನಿಸಿದರೆ 22 ಡಿಗ್ರಿಯವರೆಗೆ ಒಳಗೆ ತರಬಹುದು. ಎಡದ ದಾರ, ಬಲದ ದಾರ ಒಂದೇ ಉದ್ದ ಇರುವುದು ಮಾತ್ರ ಮುಖ್ಯ. ಎಡ ಸ್ಪೀಕರ್ ಮೂಲೆಗೆ ಒತ್ತಿಕೊಂಡು, ಬಲದ್ದು ತೆರೆದ ಬಾಗಿಲ ಪಕ್ಕ ನಿಂತರೆ ಒಂದರ ದನಿ ಗುಡುಗುತ್ತದೆ, ಇನ್ನೊಂದರದ್ದು ಸಪ್ಪೆ. ಅಂಥಲ್ಲಿ ಇಡೀ ಜೋಡಣೆಯನ್ನು ಬೇರೆ ಗೋಡೆಗೆ ತಿರುಗಿಸಬಹುದೇ ಎಂದು ನೋಡುವುದು ಒಳ್ಳೆಯದು.

ಟ್ವೀಟರ್, ಅಂದರೆ ಮೇಲಿನ ಸಣ್ಣ ಗುಂಡು, ಕಿವಿಯ ಎತ್ತರಕ್ಕೆ ಬರಬೇಕು. ಸಾಮಾನ್ಯ ಸೋಫಾಕ್ಕೆ ಅದು ನೆಲದಿಂದ ಮೂರೂವರೆ ಅಡಿ ಹತ್ತಿರ. ಹಿಂದೆ ಗಾಳಿ ತೂತು ಇರುವ ಸ್ಪೀಕರಾದರೆ ಗೋಡೆಯಿಂದ ಒಂದು ಅಡಿ ಈಚೆ ಇಡಿ. ಮುಖವನ್ನು ನಿಮ್ಮ ತಲೆಯ ತುಸು ಹಿಂದಿನ ಒಂದು ಬಿಂದುವಿಗೆ ತಿರುಗಿಸಿ. ಆಮೇಲೆ ನೀವು ಸೋಫಾದಲ್ಲಿ ಕೂತು, ಇನ್ನೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿಯನ್ನು ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಸ್ಪೀಕರು ಕಂಡ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ದನಿ ಗೋಡೆಗೆ ಬಡಿದು ನಿಮ್ಮ ಕಡೆ ಬರುವುದು ಅಲ್ಲಿಂದಲೇ. ಪರದೆಯೋ ಕಂಬಳಿಯೋ ಆ ಗುರುತಿನ ಮೇಲೆ ಬರಲಿ, ಬೇರೆಲ್ಲೋ ಅಲ್ಲ.

ನಡುವಿನ ಸ್ಪೀಕರ್ ಬಗ್ಗೆ ಹೆಚ್ಚು ಒತ್ತಿ ಹೇಳಬೇಕು. ಸಿನಿಮಾದ ಮಾತುಕತೆಯ ಬಹುಪಾಲು ಬರುವುದು ಅದೊಂದರಿಂದಲೇ, ಮನೆಮನೆಯಲ್ಲೂ ಅತಿ ಕೆಟ್ಟ ಜಾಗ ಸಿಗುವುದೂ ಅದಕ್ಕೇ. ಶಿರಸಿ ಹತ್ತಿರದ ಒಂದು ಮನೆಯಲ್ಲಿ ಸೆಟ್ಟು ಹೊಂದಿಸಲು ಹೋಗಿದ್ದಾಗ ಆ ಮನೆಯ ಅಜ್ಜಿ ಹೇಳಿದ್ದು ಇಷ್ಟು: "ಮಾತು ಸಮಾ ಕೇಳ್ತಿಲ್ಲೆ ತಮಾ, ಬರೀ ಧಡಬಡ ಹೇಳಿ ಕೇಳ್ತು." ಸ್ಪೀಕರು ಶೋಕೇಸಿನ ಕೆಳಖಾನೆಯಲ್ಲಿ ಒಂದು ಗೇಣು ಒಳಗಿತ್ತು, ಮುಖ ಮೊಣಕಾಲಿನ ಕಡೆ. ಅದನ್ನು ಖಾನೆಯ ಅಂಚಿಗೆ ಎಳೆದು, ಮುಂದಿನ ತುದಿಯ ಕೆಳಗೆ ಎರಡು ರಬ್ಬರ್ ತುಂಡು ಕೊಟ್ಟು ಮುಖ ಮೇಲಕ್ಕೆತ್ತಿದೆವು. ವಾಲ್ಯೂಮ್ ಮುಟ್ಟದೆಯೇ ಮಾತು ಬಿಡಿಬಿಡಿಯಾಗಿ ಕೇಳತೊಡಗಿತು, ಅಜ್ಜಿ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ನೀವೂ ಹಾಗೇ ಮಾಡಿ. ಖಾನೆಯ ಅಂಚಿಗಿಂತ ಸ್ಪೀಕರಿನ ಮೂತಿ ಕೂದಲೆಳೆಯಷ್ಟು ಮುಂದೆಯೇ ಇರಲಿ. ಎದುರು ಗಾಜಿನ ಬಾಗಿಲು, ಬೊಂಬೆ, ಫೋಟೋ ಯಾವುದೂ ಬೇಡ.

ಪಕ್ಕದ ಎರಡು

ಸರೌಂಡ್ ಸ್ಪೀಕರ್ ಎಂದರೆ ಹಿಂದಿನ ಗೋಡೆಯ ಮೂಲೆಗೆ ಎಂಬ ಎಣಿಕೆ ಬಹಳ ಜನರಲ್ಲಿದೆ. ಐದು ಸ್ಪೀಕರಿನ ಜೋಡಣೆಯಲ್ಲಿ ಅವು ಇರಬೇಕಾದ್ದು ಪಕ್ಕದಲ್ಲಿ, ಕಿವಿಯಿಂದ ತುಸು ಹಿಂದೆ, 110ರಿಂದ 120 ಡಿಗ್ರಿಯಲ್ಲಿ. ಕೋನಮಾಪಕ ಹುಡುಕುವುದು ಬೇಡ. ಟ್ರೈಪಾಡಿನಿಂದ ನೇರ ಪಕ್ಕಕ್ಕೆ 5 ಅಡಿ ಅಳೆದು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ 1 ಅಡಿ 10 ಇಂಚು ಹೋದರೆ 110 ಡಿಗ್ರಿ. 3 ಅಡಿ ಹತ್ತಿರ ಹೋದರೆ 120. ಎತ್ತರ ಕಿವಿಗಿಂತ ಒಂದೆರಡು ಅಡಿ ಮೇಲಿದ್ದರೆ ಪಕ್ಕ ಕೂತವರ ತಲೆ ಅಡ್ಡ ಬರುವುದಿಲ್ಲ. ಸೋಫಾ ಹಿಂಗೋಡೆಗೇ ತಾಗಿದ ಸಣ್ಣ ಕೋಣೆಯಾದರೆ ನೇರ ಪಕ್ಕದಲ್ಲಿ, 90 ಡಿಗ್ರಿಯಲ್ಲಿ ಇಟ್ಟುಕೊಳ್ಳಿ. ಏಳು ಸ್ಪೀಕರು ಕೊಳ್ಳುವ ಆಸೆಯಿದ್ದರೂ ತಲೆಯ ಹಿಂದೆ ನಾಲ್ಕಡಿ ಜಾಗವಿಲ್ಲದ ಕೋಣೆಗೆ ಐದೇ ಚೆಂದ. ಉಳಿದ ದುಡ್ಡನ್ನು ನಡುವಿನ ಸ್ಪೀಕರಿಗೆ ಹಾಕಿ.

ತಲೆಯ ಮೇಲಿಂದಲೂ ದನಿ ಕೇಳಿಸುವ ಡಾಲ್ಬಿ ಅಟ್ಮಾಸ್ ಹಾಕಿಸುವವರಿಗೆ ಒಂದು ಎಚ್ಚರಿಕೆ. ಮೇಲ್ಮುಖವಾಗಿ ದನಿ ಹಾರಿಸಿ ಚಾವಣಿಯಿಂದ ಪುಟಿಸುವ ಸ್ಪೀಕರುಗಳಿಗೆ ಚಪ್ಪಟೆ, ಗಟ್ಟಿ, ತೀರಾ ಎತ್ತರವಲ್ಲದ ಚಾವಣಿ ಬೇಕೇ ಬೇಕು. ಇಳಿಜಾರು ಹಂಚಿಗೆ ಬಿದ್ದ ದನಿ ನಿಮ್ಮ ಕಡೆಗೆ ಬರುವುದೇ ಇಲ್ಲ, ಇನ್ನೆತ್ತಲೋ ಹೋಗುತ್ತದೆ. ಹಂಚಿನ ಮನೆಯವರು ಅದಕ್ಕೆ ದುಡ್ಡು ಹಾಕಬೇಡಿ. ನಿಮಗೆ ಅದಕ್ಕಿಂತ ಒಳ್ಳೆಯ ಅನುಕೂಲ ಇದೆ: ಅಡ್ಡಡ್ಡ ಹಾಯ್ದ ತೊಲೆ. ಎರಡು ಸಣ್ಣ ಸ್ಪೀಕರುಗಳನ್ನು ಕೂರುವ ಜಾಗಕ್ಕಿಂತ ಕೊಂಚ ಮುಂದೆ, ಎಡಬಲಕ್ಕೆ, ತೊಲೆಗೆ ಗಟ್ಟಿ ಬ್ರ್ಯಾಕೆಟ್ಟಿನಲ್ಲಿ ಬಿಗಿದು ಮುಖವನ್ನು ನಿಮ್ಮ ಕಡೆ ಬಗ್ಗಿಸಿದರೆ ಮೇಲಿಂದ ಬರುವ ದನಿ ನಿಜಕ್ಕೂ ಮೇಲಿಂದಲೇ ಬರುತ್ತದೆ.

ಸಬ್‌ವೂಫರಿಗೆ ಜಾಗ ಹುಡುಕುವುದು

ಇದಕ್ಕೆ ಸಮಯ ಕೊಡಿ, ಖರ್ಚಿಲ್ಲದೆ ಇಷ್ಟು ಲಾಭ ಕೊಡುವ ಕೆಲಸ ಮತ್ತೊಂದಿಲ್ಲ. ಸೋಫಾವನ್ನು ಪಕ್ಕಕ್ಕೆ ಸರಿಸಿ, ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲೇ ತಂದಿಡಿ. ಬೇಸ್ ಒಂದೇ ಸಮ ನಡೆಯುತ್ತಾ ಹಲವು ಸ್ವರ ಮುಟ್ಟುವ ಹಾಡೊಂದನ್ನು ಹಾಕಿ. ಈಗ ನೀವು ಗೋಡೆಯ ಗುಂಟ ನೆಲದ ಮೇಲೆ ಅಂಬೆಗಾಲಿಡುತ್ತಾ ಹೋಗಿ, ಕಿವಿ ಸಬ್‌ವೂಫರಿನ ಎತ್ತರಕ್ಕೇ ಇರಲಿ. ಮೂಲೆಯಲ್ಲಿ ಎಲ್ಲ ಸ್ವರವೂ ಉಬ್ಬಿ ಒಂದೇ ಗುಂಯ್ ಆಗುತ್ತದೆ. ಎರಡಡಿ ಮುಂದೆ ಬಂದರೆ ಕೆಲವು ಸ್ವರ ಇಲ್ಲವೇ ಇಲ್ಲ. ಹಾಗೇ ಹೋಗುತ್ತಿರುವಾಗ ಒಂದು ಜಾಗದಲ್ಲಿ ಪ್ರತಿ ಸ್ವರವೂ ಒಂದೇ ತೂಕದಲ್ಲಿ, ಬಿಡಿಬಿಡಿಯಾಗಿ ಕೇಳುತ್ತದೆ. ಅಲ್ಲಿಗೆ ಸೀಮೆಸುಣ್ಣದ ಗೀಟು ಎಳೆಯಿರಿ, ಸಬ್‌ವೂಫರ್ ಅಲ್ಲಿಗೆ ಹೋಗಲಿ, ಸೋಫಾ ಮರಳಿ ಜಾಗಕ್ಕೆ ಬರಲಿ. ದನಿ ಅಲ್ಲಿಂದ ಇಲ್ಲಿಗೆ ಬಂದರೂ ಇಲ್ಲಿಂದ ಅಲ್ಲಿಗೆ ಹೋದರೂ ಕೋಣೆ ಅದನ್ನು ನಡೆಸಿಕೊಳ್ಳುವ ರೀತಿ ಒಂದೇ, ಅದರಿಂದಲೇ ಈ ಉಪಾಯ ಫಲಿಸುತ್ತದೆ.

ಹಂಚಿನ ಮನೆಯಲ್ಲಿ ಬೇಸ್ ಸೋರುವುದರಿಂದ ಮೂಲೆಯ ಹತ್ತಿರದ ಜಾಗವೇ ಗೆಲ್ಲುವ ಸಂಭವ ಹೆಚ್ಚು. ಅಲ್ಲಿ ಬೇರೊಂದು ಕಾಟವಿದೆ: ನಡುಕ. ಅಟ್ಟದ ಹಲಗೆ, ಕಿಟಕಿಯ ಚಿಲಕ, ಶೋಕೇಸಿನ ಗಾಜು, ನಾಗಂದಿಗೆಯ ಮೇಲಿನ ತಾಮ್ರದ ಪಾತ್ರೆ, ಒಂದೊಂದೂ ತನ್ನ ಸ್ವರ ಬಂದಾಗ ಗಿರಗಿರ ಎನ್ನುತ್ತದೆ. 20ರಿಂದ 120 ಹರ್ಟ್ಜ್‌ವರೆಗೆ ನಿಧಾನ ಏರುವ ಟೆಸ್ಟ್ ಟೋನನ್ನು ಫೋನಿನಿಂದ ಹಾಕಿ, ಒಬ್ಬರು ಸದ್ದು ಬಂದ ಕಡೆ ಕೈಯಿಟ್ಟು ಹುಡುಕಲಿ. ಸಿಕ್ಕ ಕಡೆಯೆಲ್ಲ ಫೆಲ್ಟು, ರಬ್ಬರು, ಇಲ್ಲವೇ ಒಂದು ಬಟ್ಟೆಯ ಚೂರು ಸಿಕ್ಕಿಸಿ. ಮಾಳಿಗೆಯ ಮರದ ನೆಲದ ಮೇಲೆ ಸಬ್‌ವೂಫರ್ ಇಡುವವರು ಕೆಳಗೆ ದಪ್ಪ ರಬ್ಬರ್ ಹಾಸು ಹಾಕಲೇಬೇಕು.

ವಯರ್

16 ಗೇಜಿನ ತಾಮ್ರದ ವಯರ್ ಮನೆಯ ಅಳತೆಗೆ ಸಾಕು, 30 ಅಡಿ ದಾಟಿದರೆ ಇನ್ನೂ ದಪ್ಪನೆಯ 14 ಗೇಜು. ತಾಮ್ರ ಬಳಿದ ಅಲ್ಯೂಮಿನಿಯಂ ವಯರ್ ಅಗ್ಗ ಎಂದು ಕರಾವಳಿಯವರು ತರಬೇಡಿ, ಉಪ್ಪುಗಾಳಿಗೆ ಅದರ ತುದಿ ಬಾಳುವುದಿಲ್ಲ. ಅಪ್ಪಟ ತಾಮ್ರಕ್ಕೂ ಕಿಲುಬು ತಪ್ಪಿದ್ದಲ್ಲ, ಆದರೆ ಅರ್ಧ ಇಂಚು ಕತ್ತರಿಸಿ ಹೊಸದಾಗಿ ಸುಲಿದರೆ ಮತ್ತೆ ಹೊಸದೇ. ಚಿನ್ನದ ಲೇಪದ ಬನಾನಾ ಪ್ಲಗ್ ಹಾಕಿದರೆ ಈ ಕೆಲಸ ಅಪರೂಪವಾಗುತ್ತದೆ. ಅಟ್ಟದ ಮೇಲೆ ಹಾಯಿಸುವ ವಯರನ್ನು ಪಿವಿಸಿ ಪೈಪಿನೊಳಗೆ ಬಿಡಿ, ಇಲ್ಲವಾದರೆ ಇಲಿ ಬಿಡುವುದಿಲ್ಲ.

ಪ್ಲಸ್ಸು ಪ್ಲಸ್ಸಿಗೆ, ಮೈನಸ್ಸು ಮೈನಸ್ಸಿಗೆ ಹೋಗಿದೆಯೇ ನೋಡಿ. ಗೋಡೆಯೊಳಗಿಂದ ಹಾಯ್ದು ಬಣ್ಣದ ಗುರುತು ಕಾಣದಿದ್ದರೆ, ವಯರನ್ನು ರಿಸೀವರಿನಿಂದ ಬಿಚ್ಚಿ, ಅದರ ಎರಡು ತುದಿಯನ್ನು ಒಂದೂವರೆ ವೋಲ್ಟಿನ ಸೆಲ್ಲಿಗೆ ಕ್ಷಣ ಮಾತ್ರ ಮುಟ್ಟಿಸಿ. ಸ್ಪೀಕರಿನ ಕೋನ್ ಹೊರಗೆ ಚಿಮ್ಮಿದರೆ ಸೆಲ್ಲಿನ ಪ್ಲಸ್ಸಿಗೆ ಮುಟ್ಟಿದ ತುದಿಯೇ ಪ್ಲಸ್ಸು.

ನಮ್ಮವರಿಗೆ ಇದರ ಪರೀಕ್ಷೆಗೆ ಯಕ್ಷಗಾನದ ರೆಕಾರ್ಡಿಂಗ್‌ಗಿಂತ ಒಳ್ಳೆಯದು ಬೇಡ. ರಿಸೀವರನ್ನು ಸ್ಟೀರಿಯೋಗೆ ಹಾಕಿ, ಎಡ ಬಲ ಎರಡೇ ಸ್ಪೀಕರಿನಲ್ಲಿ ಕೇಳಿ. ಭಾಗವತರ ದನಿ ನಡುವೆ, ಸ್ಪೀಕರೇ ಇಲ್ಲದ ಗಾಳಿಯಿಂದ ಬಂದಂತೆ ಕೇಳಬೇಕು. ಅದು ಎಲ್ಲೂ ನೆಲೆ ನಿಲ್ಲದೆ ಎರಡೂ ಬದಿಗೆ ಹರಡಿಹೋದರೆ, ಮದ್ದಳೆಯ ಗುಂಡು ದನಿ ಸೊರಗಿದ್ದರೆ, ಒಂದು ವಯರ್ ತಿರುಗಿದೆ. ಚಂಡೆಯ ಪೆಟ್ಟು ಚುರುಕಾಗಿ ಬಿದ್ದು ಅಲ್ಲೇ ನಿಲ್ಲಬೇಕು. ಹಿಂದೆ ಝಿಂಗ್ ಎಂದು ಉಳಿದರೆ ಕನ್ನಡಿಯ ಕೆಲಸಕ್ಕೆ ಮರಳಿ.

ಈಗ ಮೈಕು

ಮಳೆ ಬರುವಾಗ ಕ್ಯಾಲಿಬ್ರೇಷನ್, ಅಂದರೆ ಮೈಕಿನಿಂದ ಅಳೆದು ಹೊಂದಿಸುವ ಕೆಲಸ, ಬೇಡ. ಹಂಚಿನ ಮೇಲೆ ಆಷಾಢದ ಮಳೆ ಹೊಡೆಯುವಾಗ ಮೈಕಿಗೆ ಕೇಳುವುದು ಮಳೆಯೇ. ಮಳೆಗಾಲದ ರಾತ್ರಿ ಕಪ್ಪೆ, ಜೀರುಂಡೆ ಕೂಡ ಕಡಿಮೆಯಿಲ್ಲ. ಕಾರವಾರ, ಅಂಕೋಲಾದಲ್ಲಿ 66ನೇ ನಂಬರಿನ ಹೆದ್ದಾರಿಯ ಪಕ್ಕ ಇರುವವರು ಲಾರಿ ಓಡಾಟ ತಗ್ಗುವ ಹೊತ್ತು ನೋಡಿಕೊಳ್ಳಿ. ಫ್ಯಾನು, ಫ್ರಿಜ್ಜು, ಪಂಪು ನಿಲ್ಲಲಿ. ನಿತ್ಯ ಸಿನಿಮಾ ನೋಡುವಾಗ ಕಿಟಕಿ ಹೇಗಿರುತ್ತದೋ ಈಗಲೂ ಹಾಗೇ ಇರಲಿ.

ಎಷ್ಟು ಹರ್ಟ್ಜ್‌ಗಿಂತ ತಗ್ಗಿನ ದನಿ ಸಬ್‌ವೂಫರಿನ ಪಾಲು ಎಂದು ಗೊತ್ತುಮಾಡುವುದು ಕ್ರಾಸ್‌ಓವರ್, ಅದರ ದನಿಯನ್ನು ಮಿಕ್ಕ ಸ್ಪೀಕರುಗಳ ಜೊತೆ ಹೆಜ್ಜೆ ಹೊಂದಿಸುವುದು ಫೇಸ್. ಸಬ್‌ವೂಫರಿನ ಹಿಂದಿನ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಕ್ಕೆ, ವಾಲ್ಯೂಮನ್ನು ಅರ್ಧಕ್ಕೆ, ಫೇಸನ್ನು ಸೊನ್ನೆಗೆ ಇಡಿ. ಮೈಕು ಟ್ರೈಪಾಡಿನ ಮೇಲೆ, ಕಿವಿಯ ಎತ್ತರದಲ್ಲಿ, ಮೂತಿ ಚಾವಣಿಗೆ. ಮೆತ್ತೆಯ ಮೇಲಿಟ್ಟರೆ, ಕೈಯಲ್ಲಿ ಹಿಡಿದರೆ ಅಳತೆ ಕೆಡುತ್ತದೆ. ಮೊದಲ ಅಳತೆ ಮುಖ್ಯ ಜಾಗದಲ್ಲೇ ಆಗಬೇಕು, ದೂರ ಮತ್ತು ಮಟ್ಟದ ಲೆಕ್ಕ ಅದರಿಂದಲೇ. ಆಮೇಲಿನವು ಅದರ ಸುತ್ತ ಎರಡಡಿಯೊಳಗೆ ಇರಲಿ. ಡೆನಾನ್, ಮರಾಂಟ್ಜ್ ರಿಸೀವರುಗಳ ಆಟೋ ಸೆಟಪ್ಪಿನ ಹೆಸರು ಆಡಿಸ್ಸಿ, ಅದು ಆರು ಅಥವಾ ಎಂಟು ಜಾಗ ಕೇಳುತ್ತದೆ. ಅಷ್ಟನ್ನೂ ಮಾಡಿ, ಎರಡಕ್ಕೇ ನಿಲ್ಲಿಸಬೇಡಿ. ಯಮಾಹಾದ್ದು ವೈಪಿಎಒ, ಸೋನಿಯದ್ದು ಡಿಸಿಎಸಿ. ಹೆಸರು ಬೇರೆ, ಕ್ರಮ ಹೆಚ್ಚುಕಡಿಮೆ ಇದೇ. ಟೆಸ್ಟ್ ನಡೆಯುವಾಗ ನೀವು ಕೋಣೆಯಿಂದ ಹೊರಗಿರುವುದೇ ವಾಸಿ.

ಅದು ಮುಗಿದ ಮೇಲೆ ಮೆನು ತೆರೆದು ಒಂದೊಂದನ್ನೇ ನೋಡಿ. ಸ್ಪೀಕರುಗಳನ್ನು ಲಾರ್ಜ್ (ತಗ್ಗು ದನಿಯನ್ನೂ ತಾನೇ ನುಡಿಸುವುದು) ಎಂದು ತೋರಿಸಿದ್ದರೆ ಸ್ಮಾಲ್ (ಅದನ್ನು ಸಬ್‌ವೂಫರಿಗೆ ಬಿಡುವುದು) ಮಾಡಿ, ಕ್ರಾಸ್‌ಓವರನ್ನು 80 ಹರ್ಟ್ಜ್‌ಗೆ ಇಡಿ. ಅಂಗೈಯಗಲದ ಪುಟ್ಟ ಸ್ಪೀಕರಾದರೆ 100 ಅಥವಾ 120. ಯಂತ್ರ ತೋರಿಸಿದ ಕ್ರಾಸ್‌ಓವರನ್ನು ಏರಿಸಬಹುದು, ಇಳಿಸಬಾರದು. ದೂರದ ಅಂಕಿಗಳನ್ನು ದಾರದ ಅಳತೆಗೆ ಹೋಲಿಸಿ. ಐದು ಸ್ಪೀಕರಿನದ್ದೂ ಅರ್ಧ ಅಡಿಯೊಳಗೆ ತಾಳೆಯಾಗಬೇಕು. ಸಬ್‌ವೂಫರಿನದ್ದು ಮಾತ್ರ ನಿಜ ದೂರಕ್ಕಿಂತ ಹಲವು ಅಡಿ ಹೆಚ್ಚು ತೋರಿಸಿದರೆ ಅದನ್ನು ತಿದ್ದಬೇಡಿ. ಅದರೊಳಗಿನ ಸರ್ಕೀಟು ದನಿಯನ್ನು ಕೊಂಚ ತಡಮಾಡುತ್ತದೆ, ಆ ತಡವನ್ನೇ ರಿಸೀವರು ಅಡಿಯ ಲೆಕ್ಕದಲ್ಲಿ ಹೇಳುತ್ತಿದೆ. ಸಬ್‌ವೂಫರಿನ ಮಟ್ಟ ಮೈನಸ್ 12ರ ಹತ್ತಿರ ಹೋಗಿ ನಿಂತಿದ್ದರೆ ಹಿಂದಿನ ತಿರುಪು ತಗ್ಗಿಸಿ ಮತ್ತೊಮ್ಮೆ ಅಳೆಸಿ.

ಆಟೋ ಸೆಟಪ್ ಇಲ್ಲದ ಹಳೆಯ ರಿಸೀವರಿಗೂ ದಾರಿಯಿದೆ. ದೂರವನ್ನು ಟೇಪಿನಿಂದ ಅಳೆದು ತುಂಬಿಸಿ. ಒಂದು ಅಡಿ ವ್ಯತ್ಯಾಸವೆಂದರೆ ಮಿಲಿಸೆಕೆಂಡಿಗೂ ಕೊಂಚ ಕಡಿಮೆ. ಆಮೇಲೆ ರಿಸೀವರಿನ ಟೆಸ್ಟ್ ಟೋನ್ ಹಾಕಿ, ಫೋನಿನ ಡೆಸಿಬೆಲ್ ಆ್ಯಪನ್ನು ಸಿ ವೆಯ್ಟಿಂಗ್, ಸ್ಲೋ ಎಂಬ ಆಯ್ಕೆಗಳಿಗೆ ಇಟ್ಟು, ಕೂರುವ ಜಾಗದಲ್ಲಿ ಹಿಡಿದು ಪ್ರತಿ ಸ್ಪೀಕರನ್ನೂ 75 ಡೆಸಿಬೆಲ್‌ಗೆ ತನ್ನಿ. ಫೋನು ತೋರಿಸುವ 75 ನಿಜವಾದ 75 ಆಗಿರಬೇಕಿಲ್ಲ, ಎಲ್ಲ ಸ್ಪೀಕರೂ ಒಂದು ಡೆಸಿಬೆಲ್‌ನೊಳಗೆ ಸಮ ಬಂದರೆ ಸಾಕು. ಸಬ್‌ವೂಫರಿಗೆ ಫೋನನ್ನು ನಂಬಬೇಡಿ, ಅದರ ಮೈಕಿಗೆ ಅಷ್ಟು ತಗ್ಗು ದನಿ ಸರಿಯಾಗಿ ಕೇಳುವುದಿಲ್ಲ. ಅದನ್ನು ಕಿವಿಯಿಂದಲೇ ಹೊಂದಿಸಿ.

ಕೊನೆಗೆ ಫೇಸ್. 80 ಹರ್ಟ್ಜಿನ ಟೋನ್ ಎಡ ಬಲ ಸ್ಪೀಕರಿನಲ್ಲೂ ಸಬ್‌ವೂಫರಿನಲ್ಲೂ ಒಟ್ಟಿಗೆ ಬರಲಿ. ನೀವು ಸೋಫಾದಲ್ಲಿ ಕೂತಿರಿ, ಇನ್ನೊಬ್ಬರು ಫೇಸನ್ನು ಸೊನ್ನೆಗೂ 180ಕ್ಕೂ ಬದಲಿಸಲಿ. ಎಲ್ಲಿ ಜೋರು ಕೇಳುತ್ತದೋ ಅದೇ ಸರಿ.

ರಾತ್ರಿ ಮಕ್ಕಳು ಮಲಗಿದ ಮೇಲೆ ಸಣ್ಣ ದನಿಯಲ್ಲಿ ನೋಡುವವರಿಗೆ ಬೇಸ್ ಎಲ್ಲೋ ಹೋಯಿತು ಅನ್ನಿಸುತ್ತದೆ. ಮನುಷ್ಯರ ಕಿವಿಯ ಸ್ವಭಾವವೇ ಅದು. ದನಿ ತಗ್ಗಿದಷ್ಟೂ ಬೇಸ್ ನಮಗೆ ಇನ್ನೂ ಕಡಿಮೆ ಕೇಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು. ಆಡಿಸ್ಸಿಯ ಡೈನಾಮಿಕ್ ಇಕ್ಯೂ, ಯಮಾಹಾದ ವೈಪಿಎಒ ವಾಲ್ಯೂಮ್ ಇರುವುದು ಇದನ್ನು ಸರಿದೂಗಿಸಲಿಕ್ಕೆ, ರಾತ್ರಿ ಹೊತ್ತು ಅವನ್ನು ಆನ್ ಮಾಡಿಕೊಳ್ಳಿ. ಮನೆಯ ಹಿರಿಯರಿಗೆ ಮಾತು ಸಾಲದು ಅನ್ನಿಸಿದರೆ ನಡುವಿನ ಸ್ಪೀಕರನ್ನು ಒಂದೆರಡು ಡೆಸಿಬೆಲ್ ಏರಿಸುವುದರಲ್ಲಿ ತಪ್ಪೇನಿಲ್ಲ.

ಮಳೆಗಾಲಕ್ಕೆ

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮುಂಚೆ ಪ್ಲಗ್ ಕೀಳುವ ರೂಢಿ ಎಲ್ಲರಿಗೂ ಇದೆ. ಡಿಶ್ಶಿನ ಕೇಬಲ್ಲು, ಇಂಟರ್ನೆಟ್ಟಿನ ಲ್ಯಾನ್ ವಯರ್ ಉಳಿದುಬಿಡುತ್ತವೆ. ಸಿಡಿಲು ಆ ದಾರಿಯಲ್ಲೂ ರಿಸೀವರ್ ತಲುಪುತ್ತದೆ, ಅವನ್ನೂ ಬಿಚ್ಚಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಒಂದು ಗಂಟೆಯಾದರೂ ಸೆಟ್ಟು ಓಡಲಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಹೊಸದಾಗಿ ಕೊಳ್ಳುವವರು ಕೋನಿನ ಸುತ್ತ ರಬ್ಬರ್ ಅಂಚಿರುವ ಸ್ಪೀಕರನ್ನೇ ಆರಿಸಿ, ಫೋಮಿನದ್ದು ನಮ್ಮ ತೇವಕ್ಕೆ ಬೇಗ ಪುಡಿಯಾಗುತ್ತದೆ. ಬಹಳ ದಿನ ಮುಟ್ಟದೆ ಬಿಟ್ಟ ಸ್ಪೀಕರಿನ ಗಾಳಿ ತೂತಿಗೆ ಟಾರ್ಚ್ ಬಿಟ್ಟು ನೋಡಿ. ಕುಂಬಾರ ಹುಳು ಅಲ್ಲಿ ಮಣ್ಣಿನ ಗೂಡು ಕಟ್ಟಿದ್ದರೆ ಬೇಸ್ ಯಾಕೆ ಬತ್ತಿತು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ತೆಳು ನೈಲಾನ್ ಬಲೆಯನ್ನು ತೂತಿಗೆ ಬಿಗಿದರೆ ದನಿಗೆ ತೊಂದರೆಯಿಲ್ಲ, ಹುಳು ಬರುವುದಿಲ್ಲ.

ಎಲ್ಲ ಮುಗಿದ ಮೇಲೆ ರಿಸೀವರಿನ ಪ್ರತಿ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ: ದೂರ, ಮಟ್ಟ, ಕ್ರಾಸ್‌ಓವರ್. ಸ್ಪೀಕರಿನ ಕಾಲಿನ ಸುತ್ತ ನೆಲಕ್ಕೆ ಟೇಪಿನ ತುಂಡು ಅಂಟಿಸಿ. ಹಬ್ಬಕ್ಕೆ ಮನೆ ಸಾರಿಸಿ ಒರೆಸುವಾಗ ಎಲ್ಲವೂ ಜಾಗ ಬಿಟ್ಟು ಕದಲುತ್ತದೆ. ಗುರುತಿದ್ದರೆ ಯಾರು ಬೇಕಾದರೂ ಮರಳಿ ಅಲ್ಲಿಗೇ ತಂದಿಡಬಹುದು, ಹೊಸದಾಗಿ ಅಳೆಯುವ ಪ್ರಮೇಯ ಬರುವುದಿಲ್ಲ. ಸೋಫಾ ಬದಲಾದರೆ, ಪರದೆ ತೆಗೆದರೆ, ಕೋಣೆಗೆ ದೊಡ್ಡ ಕಪಾಟು ಬಂದರೆ ಮಾತ್ರ ಮೈಕನ್ನು ಮತ್ತೆ ಹೊರತೆಗೆಯಿರಿ.